ಅಪ್ಪಚ್ಚ ನೆರಿಗೆ ಹಿಡಿಯಲು ಕಲಿತದ್ದು

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರನ್ನೇ ಕಂಡರೂ ಮೊದಲು ಅವರ ಬೆನ್ನು ನೋಡುತ್ತೇನೆ. ಇದು ಹೊಲಿಗೆಯವರ ಕಾಯಿಲೆ. ಮುಖಕ್ಕಾದರೆ ಎಲ್ಲರೂ ಪೌಡರ್ ಹಚ್ಚಿಕೊಂಡು ಬರುತ್ತಾರೆ. ರವಿಕೆಯ ಬೆನ್ನು ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಮದುವೆ ಮನೆಯಲ್ಲಿ ಎಲ್ಲರೂ ಹೆಣ್ಣಿನ ಮುಖ ನೋಡುತ್ತಿದ್ದರೆ ನಾನು ಹಿಂದೆ ನಿಂತು, ಅವಳ ಭುಜದ ಹತ್ತಿರ ಒಂದು ಸುಕ್ಕು ಕಂಡುಹಿಡಿದು, ಇದು ಪನಮರಂ ಪೇಟೆಯ ಯಾವ ಅಂಗಡಿಯ ಕೆಲಸ ಎಂದು ಯೋಚಿಸುತ್ತಿರುತ್ತೇನೆ. ನಮ್ಮ ಯಜಮಾನರು ಹೇಳುವ ಪ್ರಕಾರ, ನಾಳೆ ಯಮನೇ ಬಂದು ಎದುರಿಗೆ ನಿಂತರೂ ನಾನು "ಸ್ವಲ್ಪ ತಿರುಗಿ ನೋಡೋಣ" ಎನ್ನುತ್ತೇನಂತೆ.

ಕಾಯಿಲೆ ಮೊದಲು ಬಂತು, ಹೊಲಿಗೆ ಆಮೇಲೆ ಬಂತು. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕೇರಳ ಗಡಿಯ ಬಾವಲಿಯಲ್ಲಿ ನಮ್ಮದು ಮೂರು ತಲೆಮಾರಿನ ಮನೆ. ಅಜ್ಜ ಹೆಗ್ಗಡದೇವನಕೋಟೆ ಕಡೆಯಿಂದ ಹೊಳೆ ದಾಟಿ ಬಂದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಜಗಳದಲ್ಲಿ ಎರಡೂ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಕ್ರಿಶ್ಚಿಯನ್ ಅಮ್ಮಚ್ಚಿಯರು, ಅಂದರೆ ಅಮ್ಮಂದಿರು, ಅಜ್ಜಿಯರು, ಸಾಲಾಗಿ ಗುಡ್ಡದ ಬುಡದ ಚರ್ಚಿಗೆ ಹೋಗುತ್ತಿದ್ದರು. ಅಡಿಯಿಂದ ಮುಡಿಯವರೆಗೆ ಬಿಳಿ. ಮೇಲೆ ಸಡಿಲವಾದ ಬಿಳಿ ಅಂಗಿ, ಕೆಳಗೆ ಸೀರೆಯಷ್ಟು ಉದ್ದದ ಬಿಳಿ ಮುಂಡು. ಆ ಮುಂಡಿನ ಒಂದು ತುದಿಯನ್ನು ಬೆರಳಗಲದ ನೆರಿಗೆ ಮಾಡಿ, ಬೀಸಣಿಗೆಯ ಹಾಗೆ ಬಿಡಿಸಿ, ಸೊಂಟದ ಹಿಂದೆ ಸಿಕ್ಕಿಸಿಕೊಳ್ಳುತ್ತಿದ್ದರು. ಅವರು ನಡೆದರೆ ಆ ಬೀಸಣಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡುತ್ತಿತ್ತು. ಆರು ವರ್ಷದ ನನಗೆ ಅದು ಬಾಲವೆಂಬುದರಲ್ಲಿ ಸಂಶಯವೇ ಇರಲಿಲ್ಲ.

"ಅವ್ವ, ಅವರಿಗೆಲ್ಲ ಬಾಲ ಯಾಕೈತೆ?" ಎಂದು ಕೇಳಿದೆ.

ಅವ್ವ ಒಲೆ ಊದುತ್ತಿದ್ದಳು. "ಪುಣ್ಯ ಮಾಡಿದೋರಿಗೆ ಬತ್ತದೆ, ಸುಮ್ಕಿರು" ಎಂದಳು.

ಪುಣ್ಯ ಬರುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಮುಂದಿನ ಭಾನುವಾರ ಹಳೆಯ ಪೇಪರೊಂದನ್ನು ಮಡಚಿ ಲಂಗದ ಹಿಂದೆ ಸಿಕ್ಕಿಸಿಕೊಂಡು ಆ ಸಾಲಿನ ಕೊನೆಯಲ್ಲಿ ಸೇರಿಕೊಂಡೆ. ಚರ್ಚಿನ ಮೆಟ್ಟಿಲವರೆಗೂ ಯಾರೂ ಗಮನಿಸಲಿಲ್ಲ. ಅಲ್ಲಿ ಒಬ್ಬ ಅಮ್ಮಚ್ಚಿ ತಿರುಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಬೈಯುತ್ತಾರೆಂದು ನಾನು ಓಡಲು ಸಿದ್ಧವಾಗಿದ್ದೆ. ಅವರು ನನ್ನ ಪೇಪರನ್ನು ಎಳೆದು, ಬಿಡಿಸಿ, ಮಂಡಿಯ ಮೇಲಿಟ್ಟು ಮತ್ತೆ ಮಡಚಿದರು. "ಞೊರಿ ಸಮ ಇರಬೇಕು ಮೋಳೇ. ಒಂದು ದೊಡ್ಡದು ಒಂದು ಸಣ್ಣದು ಆದ್ರೆ ಕೋಳಿಪುಕ್ಕ ಆಗುತ್ತೆ" ಎಂದು ಹೇಳಿ ಹಿಂದೆ ಸಿಕ್ಕಿಸಿ ಕಳಿಸಿದರು. ನಾವು ನೆರಿಗೆ ಎನ್ನುವುದನ್ನು ಅವರು ಞೊರಿ ಎನ್ನುತ್ತಾರೆ. ಮಗಳನ್ನು ಮೋಳೇ ಎನ್ನುತ್ತಾರೆ. ನನ್ನ ಮೊದಲ ಹೊಲಿಗೆ ಪಾಠ ಅದು. ಪಾಠ ಹೇಳಿದವರು ನಮ್ಮ ಗದ್ದೆಯಾಚೆಯ ಮನೆಯ ಏಲಿಕ್ಕುಟ್ಟಿ ಅಮ್ಮಚ್ಚಿ.

ಆಮೇಲೆ ನಾನು ಅವರ ಮನೆಯಲ್ಲೇ ಬೆಳೆದೆ ಎನ್ನಬೇಕು. ಅಲ್ಲಿ ಗೋಡೆಯ ಮೇಲೆ ಯೇಸುವಿನ ಒಂದು ಪಟ. ಎದೆಯ ಹೊರಗೇ ಹೃದಯ, ಅದಕ್ಕೆ ಸುತ್ತಲೂ ಮುಳ್ಳು, ಕೆಳಗೊಂದು ಕೆಂಪು ಬಲ್ಬು. ನನಗೆ ಅದನ್ನು ನೋಡಲು ಭಯ, ನೋಡದಿರಲೂ ಆಗುತ್ತಿರಲಿಲ್ಲ. "ನೋವಾಗಲ್ವಾ ಅಮ್ಮಚ್ಚಿ?" ಎಂದು ಒಂದು ದಿನ ಕೇಳಿದೆ. ಅವರು ಮೆಣಸು ಬಿಡಿಸುವುದನ್ನು ನಿಲ್ಲಿಸಿ ಪಟವನ್ನು ಹೊಸದಾಗಿ ನೋಡುವವರಂತೆ ನೋಡಿದರು. "ನೋಯುತ್ತೆ. ಮುಖದಲ್ಲಿ ಕೋಪ ಇದೆಯಾ ನೋಡು" ಎಂದರು. ನೋಡಿದೆ, ಇರಲಿಲ್ಲ. ಅಷ್ಟಕ್ಕೇ ನನ್ನ ಭಯ ಹೋಯಿತು. ಕ್ರಿಶ್ಚಿಯನ್ ಧರ್ಮದ ಬಗ್ಗೆ ನನಗೆ ಇವತ್ತಿಗೂ ತಿಳಿದಿರುವುದು ಸುಮಾರಾಗಿ ಅಷ್ಟೇ.

ಹತ್ತೊಂಬತ್ತನೇ ವಯಸ್ಸಿಗೆ ಜಗುಲಿಯಲ್ಲಿ ಮೆಷಿನ್ ಹಾಕಿಕೊಂಡು ಕುಳಿತಾಗ ನನ್ನ ಮೊದಲ ಗಿರಾಕಿಯೂ ಅಮ್ಮಚ್ಚಿಯೇ. ಆ ಬಿಳಿ ಅಂಗಿಗೆ ಅವರ ಭಾಷೆಯಲ್ಲಿ 'ಚಟ್ಟ' ಎಂದು ಹೆಸರು. ಬೆಳಿಗ್ಗೆ ಏಳಕ್ಕೇ ಬಂದು, ಅಂಗಳದಲ್ಲಿ ನಿಂತು, "ಜಯೇ, ನಂಗೊಂದು ಚಟ್ಟ ಬೇಕು, ಈ ವಾರ ಕಳಿಯೋದ್ರೊಳಗೆ" ಎಂದರು. ಅಕ್ಕಿ ಕೇರುತ್ತಿದ್ದ ನಮ್ಮಜ್ಜಿಯ ಕೈಯಿಂದ ಮೊರ ಬಿತ್ತು. "ಬಿಡ್ತು ಅನ್ನಮ್ಮ! ಗಟ್ಟಿಮುಟ್ಟಾಗಿರೋಳು ಬೆಳಬೆಳಿಗ್ಗೆ ಬಂದು ಚಟ್ಟ ಕೇಳ್ತಾಳಲ್ಲ, ಯಾರಿಗೆ ಕಟ್ಟೋದು?" ಎಂದು ಕೂಗಿಕೊಂಡಳು. ಅಜ್ಜಿಗೆ ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಅಮ್ಮಚ್ಚಿ ನಕ್ಕು ನಕ್ಕು ಜಗುಲಿಯ ಕಂಬ ಹಿಡಿದುಕೊಂಡಿದ್ದರು. ಚರ್ಚಿನ ಗುರುಗಳನ್ನು ಅವರು 'ವಿಕಾರಿ' ಎನ್ನುತ್ತಾರೆಂದು ತಿಳಿದ ದಿನ ಅಜ್ಜಿ ಮತ್ತೊಮ್ಮೆ ಬೆಚ್ಚಿದಳು. "ಅಷ್ಟು ಲಕ್ಷಣವಾಗಿರೋ ಹುಡುಗನ್ನ ಹಂಗನ್ನಬಾರದು" ಎಂದು ಸಾಯುವವರೆಗೂ ಅವರನ್ನು 'ಸ್ವಾಮಿಗಳು' ಎಂದೇ ಕರೆದಳು.

ಈಗ ಅಪ್ಪಚ್ಚನ ವಿಷಯಕ್ಕೆ ಬರುತ್ತೇನೆ. ಅಮ್ಮಚ್ಚಿಯ ಗಂಡ. ಹೆಸರು ಕುರ್ಯಾಚ್ಚನ್, ನಾವು ಕರೆಯುವುದು ಅಪ್ಪಚ್ಚ, ಅಂದರೆ ಅಜ್ಜ. ದೇವರು ಅವರಿಗೆ ಒಂದು ಗಂಟಲು ಕೊಟ್ಟಿದ್ದಾನೆ. ಅವರು ಸಂಜೆ ಹಸುವನ್ನು ಕರೆದರೆ ಚೆಕ್‌ಪೋಸ್ಟಿನವರು ಗೇಟು ಎತ್ತುತ್ತಾರೆ ಎಂದು ಊರಲ್ಲಿ ತಮಾಷೆ. ಆದರೆ ಅಷ್ಟು ದೊಡ್ಡ ಗಂಟಲಿಗೆ ನೀರು ಬೇಕೆಂದರೆ ಅದನ್ನು ಬಗ್ಗಿಸಿ ಕೊಡಲು ಅಮ್ಮಚ್ಚಿಯೇ ಬರಬೇಕು. "ಏಲೀ!" ಎಂದು ಕೂಗಿದರೆ ನೀರು, "ಏಲೀ!" ಎಂದರೆ ಟವೆಲು, "ಏಲೀ!" ಎಂದರೆ ಕಣ್ಣಮೇಲೇ ಇರುವ ಕನ್ನಡಕ. ತೋಟದಲ್ಲಿ ಒಂಟಿಯಾಗಿ ಮೆಣಸಿನ ಏಣಿ ಎತ್ತಿ ನಿಲ್ಲಿಸುವ ಮನುಷ್ಯ, ಮನೆಯೊಳಗೆ ಒಂದು ಚಮಚ ಎತ್ತಿದ್ದನ್ನು ನಾನು ನೋಡಿಲ್ಲ.

ಮೂರು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಿದ್ದಂತೆ ಅಮ್ಮಚ್ಚಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಬರುವಾಗ ಬಲಗೈ ಸುಮ್ಮನೆ ತೂಗುತ್ತಿತ್ತು, ಬಲಗಾಲು ಎಳೆಯುತ್ತಿತ್ತು, ಮಾತು ಅರ್ಧ ಬಾಯಲ್ಲೇ ಉಳಿಯುತ್ತಿತ್ತು. ಹಿಡಿದುಕೊಂಡರೆ ಸ್ವಲ್ಪ ಹೊತ್ತು ನಿಲ್ಲಬಹುದು. ಸೊಸೆ ಜೆಸ್ಸಿ ಶಾಲೆಯಲ್ಲಿ ಟೀಚರು, ಒಳ್ಳೆಯ ಹುಡುಗಿ. ಅತ್ತೆಗೆ ಅನುಕೂಲವಾಗಲೆಂದು ನಾಲ್ಕು ನೈಟಿ ತಂದಳು. ಅಮ್ಮಚ್ಚಿ ಮನೆಯೊಳಗೆ ತೊಟ್ಟರು. ಭಾನುವಾರ ಚರ್ಚಿಗೆ ಹೊರಡೋಣ ಎಂದಾಗ ತಲೆ ಅಲ್ಲಾಡಿಸಿದರು. ಜೀಪು ತರಿಸುತ್ತೇವೆ ಎಂದ ಮಗ, ಬೇಡ. ಸೀರೆ ಉಡಿಸುತ್ತೇನೆ ಎಂದಳು ಜೆಸ್ಸಿ, ಬೇಡ. ಅರವತ್ತು ವರ್ಷ ಕರ್ತನ ಮುಂದೆ ಚಟ್ಟ-ಮುಂಡಿನಲ್ಲಿ ನಿಂತವರು ಬೇರೆ ವೇಷದಲ್ಲಿ ಹೋಗುವುದಿಲ್ಲ, ಅಷ್ಟೇ. ಮುಂಡಿಗೆ ನೆರಿಗೆ ಹಿಡಿಯಲು ಎರಡು ಕೈ ಬೇಕು, ಇದ್ದದ್ದು ಒಂದು.

ಪಾದ್ರಿಯೇ ಮನೆಗೆ ಬಂದು ಪ್ರಸಾದ ಕೊಟ್ಟರು. ಅಮ್ಮಚ್ಚಿ ಹೊದಿಕೆಯನ್ನು ಕತ್ತಿನವರೆಗೆ ಎಳೆದುಕೊಂಡು, ನೈಟಿ ಕಾಣದ ಹಾಗೆ ಮಾಡಿಕೊಂಡು ತೆಗೆದುಕೊಂಡರು. ಆಮೇಲೆ ಗೋಡೆಯ ಕಡೆ ತಿರುಗಿಬಿಟ್ಟರು. ಕ್ರಮೇಣ ಊಟ ಸಾಕು ಎನ್ನತೊಡಗಿದರು, ಬಿಸಿಲಿಗೆ ಬರುವುದು ಸಾಕು ಎನ್ನತೊಡಗಿದರು. "ಚೇಚಿ, ಅಮ್ಮಚ್ಚಿ ಎಲ್ಲಾ ಸಾಕು ಸಾಕು ಅಂತಾರೆ, ನಂಗೆ ಪೇಡಿ ಆಗುತ್ತೆ" ಎಂದು ಜೆಸ್ಸಿ ನನ್ನ ಮೆಷಿನ್ ಪಕ್ಕದಲ್ಲಿ ಕೂತು ಅತ್ತಳು. ಚೇಚಿ ಎಂದರೆ ಅಕ್ಕ, ಪೇಡಿ ಎಂದರೆ ಭಯ. ನನಗೂ ಆಯಿತು.

ಜೆಸ್ಸಿ ಫೋನಿನಲ್ಲಿ ವಿಡಿಯೋ ನೋಡಿ ಒಮ್ಮೆ ಪ್ರಯತ್ನಿಸಿದಳು. ಅದು ಗಾಳಿಗೆ ಮಗುಚಿಕೊಂಡ ಕೊಡೆಯ ಹಾಗೆ ಬಂತು. ಆಗ ನನ್ನ ಬುದ್ಧಿವಂತಿಕೆ ಎದ್ದು ನಿಂತಿತು. ಮೂವತ್ತು ವರ್ಷ ಹೊಲಿದವಳು ನಾನು, ಇದೊಂದು ದೊಡ್ಡ ವಿಷಯವೇ? ಎರಡು ದಿನ ಕೂತು, ನೆರಿಗೆಗಳನ್ನು ಇಸ್ತ್ರಿ ಹಾಕಿ, ಹೊಲಿದು, ಹುಕ್ಕಿಟ್ಟು, ಒಂದು ನಿಮಿಷದಲ್ಲಿ ತೊಡುವಂಥ ರೆಡಿಮೇಡ್ ಮುಂಡು ತಯಾರಿಸಿದೆ. ಮನೆಯವರಿಗೆಲ್ಲ ತೋರಿಸಿ ಹೊಗಳಿಸಿಕೊಂಡೆ. ತೆಗೆದುಕೊಂಡು ಹೋಗಿ ಅಮ್ಮಚ್ಚಿಯ ಮುಂದೆ ಬಿಡಿಸಿ ಹಿಡಿದೆ. ಅವರು ಎಡಗೈಯಲ್ಲಿ ಹುಕ್ಕನ್ನು ಮುಟ್ಟಿ ನೋಡಿದರು. ಬಾಯಿ ಸ್ವಲ್ಪ ಹೊತ್ತು ಹೊರಳಾಡಿತು. ಕೊನೆಗೆ "ನಾ... ನಾಟಕ" ಎಂದರು.

ಸರಿಯಾದ ಮಾತು. ಶಾಲೆಯ ವಾರ್ಷಿಕೋತ್ಸವದಲ್ಲಿ ಹುಡುಗಿಯರು ಅಮ್ಮಚ್ಚಿಯರ ವೇಷ ಹಾಕಿ ಕುಣಿಯುವಾಗ ತೊಡುವುದು ಇಂಥದ್ದನ್ನೇ. ನಾನೇ ಎಷ್ಟೋ ಹೊಲಿದುಕೊಟ್ಟಿದ್ದೆ. ಮಡಚಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದೆ. ಗದ್ದೆಯ ಬದುವಿನ ಮೇಲೆ ನಡೆಯುವಾಗ ನನ್ನ ಗರ್ವವೂ ಮಡಚಿಕೊಂಡು ಕಂಕುಳಲ್ಲೇ ಇತ್ತು.

ಅದಾದ ಮೇಲೆ ಕಾಫಿ ಕೊಯ್ಲಿನ ದಿನಗಳಲ್ಲಿ, ಒಂದು ಶನಿವಾರ ಮಧ್ಯಾಹ್ನ, ಅಪ್ಪಚ್ಚ ನಮ್ಮ ಜಗುಲಿ ಹತ್ತಿದರು. ಕಂಕುಳಲ್ಲಿ ಪೇಪರಿನ ದೊಡ್ಡ ಪೊಟ್ಟಣ. ಆ ಗಂಟಲಿನಿಂದ ಪಿಸುಮಾತು ಬಂದದ್ದು ಅಂದೇ ಮೊದಲು.

"ನಿನ್ನ ಗಂಡ ಇದಾನಾ?"

"ಇಲ್ಲ ಅಪ್ಪಚ್ಚ, ತೋಟಕ್ಕೆ ಹೋಗವ್ರೆ."

"ನನ್ನಾಯಿ" ಎಂದರು. ಒಳ್ಳೆಯದಾಯಿತು ಎಂದು. ಜಗುಲಿಯ ತಟ್ಟಿಬಾಗಿಲು ಮುಂದಕ್ಕೆ ಮಾಡಿ ಪೊಟ್ಟಣ ಬಿಚ್ಚಿದರು. ಅಮ್ಮಚ್ಚಿಯ ಮುಂಡು. "ಅವಳು ಉಡೋದು ನೀನು ಸಣ್ಣೋಳಿಂದ ನೋಡಿದೀಯ. ನಂಗೆ ಪಡಿಪ್ಪಿಸು."

"ನಿಮಗೆ ಕಲಿಸೋದಾ? ನೀವಾ?"

"ಮತ್ತೆ ಯಾರು?"

"ಜೆಸ್ಸಿಗೆ ಕಲಿಸ್ತೀನಿ, ಇಲ್ಲ ನಾನೇ ಭಾನುವಾರ ಬಂದು..."

ಅವರು ಕೈ ಅಡ್ಡ ಹಿಡಿದರು. "ನೀವು ಬರ್ತೀರ, ಸರಿ. ಅರ್ಧ ಬಟ್ಟೇಲಿ ನಿಮ್ಮ ಮುಂದೆ ಅಷ್ಟೊತ್ತು ನಿಲ್ಲೋಕೆ ಏಲಿಗೆ ನಾಚಿಕೆ. ಅವಳು ಹೇಳಿಲ್ಲ, ನಂಗೆ ಗೊತ್ತು. ನನ್ನ ಮುಂದೆ ಆದ್ರೆ..." ಎಂದವರು ಅಲ್ಲಿಗೇ ನಿಲ್ಲಿಸಿದರು. ಎಂಬತ್ತೆರಡು ವರ್ಷದ ಮನುಷ್ಯನ ಕಿವಿ ಕೆಂಪಾಗಿತ್ತು.

"ಹಂಗಾದ್ರೆ ಅಮ್ಮಚ್ಚಿನೇ ಹೇಳಿಕೊಡಬೋದಲ್ಲ ಅಪ್ಪಚ್ಚ?"

"ಅವಳ ಹತ್ರಾನಾ? ಒಂದು ತಪ್ಪು ಮಾಡಿದ್ರೆ ಸ್ವರ್ಗಕ್ಕೆ ಹೋದ್ಮೇಲೂ ಎತ್ತಿ ಆಡ್ತಾಳೆ. ಪೂರ್ತಿ ಪಡಿಚ್ಚಿಟ್ಟೇ ನಾನು ಅವಳ ಮುಂದೆ ಹೋಗೋದು."

ನನ್ನ ಹತ್ತಿರ ಪೇಟೆ ಅಂಗಡಿಯವರ ಹಾಗೆ ಬೊಂಬೆ ಇಲ್ಲ. ಜಗುಲಿಯಲ್ಲಿ ಒಣಗಿದ ಕಾಫಿಯ ಮೂಟೆಗಳಿದ್ದವು. ಒಂದನ್ನು ಎತ್ತಿ ನಡುವೆ ನಿಲ್ಲಿಸಿದೆವು. ಅಪ್ಪಚ್ಚ ಅದನ್ನು ಒಂದು ಸುತ್ತು ಹಾಕಿ ನೋಡಿ, "ಏಲಿಯ ನಡು ಇಷ್ಟು ದಪ್ಪ ಇಲ್ಲ" ಎಂದರು. ಇದ್ದದ್ದರಲ್ಲಿ ಸಪೂರವಾದ ಮೂಟೆಯನ್ನೇ ಆರಿಸಬೇಕಾಯಿತು.

ಮೆಣಸಿನ ಬಳ್ಳಿ ಕಟ್ಟಿ ಕಟ್ಟಿ ಅವರ ಬೆರಳುಗಳು ಬೇರಿನ ಹಾಗಾಗಿದ್ದವು. ಮೂರು ನೆರಿಗೆ ಹಿಡಿಯುವಷ್ಟರಲ್ಲಿ ಮೊದಲನೆಯದು ಜಾರುತ್ತಿತ್ತು. ಮೊದಲನೆಯದನ್ನು ಹಿಡಿದರೆ ಮೂರೂ ಹೋಗುತ್ತಿದ್ದವು. ಪ್ರತಿ ಸಲ "ಈಶೋಯೇ" ಎಂದು ದೇವರನ್ನು ಕರೆಯುತ್ತಿದ್ದರು. ಮೊದಮೊದಲು ಅದು ಪ್ರಾರ್ಥನೆಯ ಹಾಗಿತ್ತು, ಬರಬರುತ್ತಾ ಬೈಗುಳದ ಹಾಗಾಯಿತು. ನಾನು ನಗದೆ ಇರಲು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದೆ.

ಅದೇ ಹೊತ್ತಿಗೆ ನಮ್ಮ ಯಜಮಾನರು ಬಂದರು. ಬಾಗಿಲು ತಳ್ಳಿ ನೋಡಿದರೆ, ಕಾಫಿ ಮೂಟೆಯ ಹಿಂದೆ ಅಪ್ಪಚ್ಚ ಮಂಡಿಯೂರಿ ಕುಳಿತು ಅದರ ಸೆರಗು ಸರಿಮಾಡುತ್ತಿದ್ದಾರೆ.

"ಏನಮ್ಮಿ ಇದು? ಮೂಟೆಗೆ ಮದುವೆನಾ?"

ಅಪ್ಪಚ್ಚ ಏಳಲಿಲ್ಲ, ತಿರುಗಲೂ ಇಲ್ಲ. "ನೀನು ಏನೂ ಕಂಡಿಲ್ಲ" ಎಂದರು.

"ಏನೂ ಕಂಡಿಲ್ಲ ಅಪ್ಪಚ್ಚ" ಎಂದು ಯಜಮಾನರು ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಸಂಜೆ ಚಹಾದಂಗಡಿಯಲ್ಲಿ ಇದನ್ನು ತಿಳಿಯದವರು ಯಾರೂ ಉಳಿದಿರಲಿಲ್ಲ. ಅಮ್ಮಚ್ಚಿಯ ಕಿವಿಗೆ ಮಾತ್ರ ಯಾರೂ ಹಾಕಲಿಲ್ಲ. ಊರಿಗೆ ಊರೇ ಒಂದು ಗುಟ್ಟು ಕಾಪಾಡಿದ್ದನ್ನು ನಾನು ಕಂಡದ್ದು ಆಗ.

ನಾಲ್ಕು ಶನಿವಾರ ಪಾಠ ನಡೆಯಿತು. ಅಷ್ಟರಲ್ಲಿ ಅವರ ಐವತ್ತು ದಿನದ ನೋಂಬು ಶುರುವಾಯಿತು. ಯೇಸು ಪಟ್ಟ ಪಾಡನ್ನು ನೆನೆದು ಆ ದಿನಗಳಲ್ಲಿ ಎಲ್ಲರೂ ಏನಾದರೊಂದನ್ನು ಬಿಡುತ್ತಾರೆ. ಒಬ್ಬರು ಮೀನು, ಒಬ್ಬರು ಮಾಂಸ, ಒಬ್ಬರು ಬೀಡಿ. ಅಪ್ಪಚ್ಚ ಪ್ರತಿ ವರ್ಷ ಬೀಡಿ ಬಿಟ್ಟು ಊರವರ ಮೇಲೆಲ್ಲ ರೇಗುತ್ತಿದ್ದರು. ಆ ಸಲ ನಾನು ಕೇಳಿದಾಗ ಮೂಟೆಯಿಂದ ಕಣ್ಣು ತೆಗೆಯದೆ ಹೇಳಿದರು: "ಎಲ್ಲರೂ ಏನೋ ಬಿಡ್ತಾರೆ. ನಾನು ಈ ವರ್ಷ ಹಿಡೀತೀನಿ." ಬೆರಳ ನಡುವೆ ಹನ್ನೊಂದು ನೆರಿಗೆ ಸಮನಾಗಿ ನಿಂತಿದ್ದವು.

ಮೊದಲ ಭಾನುವಾರದ ಕಥೆ ನನಗೆ ಜೆಸ್ಸಿಯಿಂದ ಬಂದದ್ದು. ಬೆಳಿಗ್ಗೆ ಐದೂವರೆಗೆ ಅಪ್ಪಚ್ಚ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಮುಂಡು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರಂತೆ. ಮೊದಲು ಅಮ್ಮಚ್ಚಿಯ ಕೂಗು, ಆಮೇಲೆ ಅಪ್ಪಚ್ಚನ ಕೂಗು, ಆಮೇಲೆ ಏನೋ ಬಿದ್ದ ಸದ್ದು. ಮಗ ಓಡಿ ಬಾಗಿಲು ಬಡಿಯಲು ಹೋದರೆ ಜೆಸ್ಸಿ ತಡೆದಳಂತೆ. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಒಳಗಿಂದ ಅಮ್ಮಚ್ಚಿ ನಕ್ಕದ್ದು ಕೇಳಿಸಿತು. ಐದು ತಿಂಗಳಲ್ಲಿ ಆ ಮನೆಯಲ್ಲಿ ಆ ನಗು ಕೇಳಿರಲಿಲ್ಲ. ಬಾಗಿಲು ತೆರೆದಾಗ ಅಮ್ಮಚ್ಚಿ ಚಟ್ಟ-ಮುಂಡಿನಲ್ಲಿ ನಿಂತಿದ್ದರು. ಜೆಸ್ಸಿ ಹಿಂದೊಂದು ಮುಂದೊಂದು ಕನ್ನಡಿ ಹಿಡಿದಳು. ಬೀಸಣಿಗೆ ಸ್ವಲ್ಪ ಎಡಕ್ಕೆ ವಾಲಿತ್ತು. ಅಮ್ಮಚ್ಚಿ ಬಹಳ ಹೊತ್ತು ನೋಡಿ, "ಚೆರಿಞ್ಞು" ಎಂದರಂತೆ. ವಾಲಿದೆ ಎಂದು. "ವಾಲಿದ್ರೂ ಕರ್ತಾವಿಗೆ ಕಾಣುತ್ತೆ, ನಡಿ" ಎಂದು ಅಪ್ಪಚ್ಚ ಗಾಲಿಕುರ್ಚಿ ತಳ್ಳಿದರು.

ಚರ್ಚಿನಲ್ಲಿ ಗಂಡಸರು ಒಂದು ಬದಿ, ಹೆಂಗಸರು ಒಂದು ಬದಿ. ಏಳುವಾಗ ಕೂರುವಾಗ ಅಮ್ಮಚ್ಚಿಯನ್ನು ಹಿಡಿದುಕೊಳ್ಳಬೇಕಲ್ಲ. ಅಪ್ಪಚ್ಚ ಸೀದಾ ಹೋಗಿ ಹೆಂಗಸರ ಬದಿಯಲ್ಲಿ ಕುಳಿತರು. ಸುತ್ತಲಿನ ಅಮ್ಮಚ್ಚಿಯರು ಮುಸುಕು ಸರಿಮಾಡಿಕೊಂಡು ಸ್ವಲ್ಪ ಸ್ವಲ್ಪ ಸರಿದರು. ಹಾಡು ಶುರುವಾದಾಗ ಆ ಸಣ್ಣ ದನಿಗಳ ನಡುವೆ ಆ ಗಂಟಲೊಂದು ಗುಡುಗಿತಂತೆ. ಹೆಂಗಸರೆಲ್ಲ ಹಾಡು ಮರೆತು ನಕ್ಕರಂತೆ. ಹೊರಗೆ ಬಂದಾಗ ಅವರ ಹಳೆಯ ಗೆಳೆಯ ವರ್ಕಿ ಕಾದು ನಿಂತಿದ್ದರು.

"ಕುರ್ಯಾಚ್ಚಾ, ಬರೋ ವಾರ ನೀನೂ ಒಂದು ಚಟ್ಟ ಹಾಕ್ಕೊಂಡು ಬಾ."

"ಜಯ ಹೊಲೀತಾಳೆ. ನಿಂಗೂ ಒಂದು ಹೇಳಲಾ?" ಎಂದು ಅಪ್ಪಚ್ಚ ಗಾಲಿ ತಳ್ಳಿಕೊಂಡು ಮುಂದೆ ಹೋದರು.

ಹೀಗೆ ಒಂದು ಭಾನುವಾರವೂ ತಪ್ಪಲಿಲ್ಲ. ಬೀಸಣಿಗೆ ಎಡದಿಂದ ನಡುವಿಗೆ ಬಂತು. ಅಮ್ಮಚ್ಚಿ ಊಟ ಬೇಕು ಎನ್ನತೊಡಗಿದರು, ಎಡಗೈಯಲ್ಲೇ ಉಣ್ಣಲು ಕಲಿತರು. ಹೀಗಿರುವಾಗ ದುಃಖದ ಶುಕ್ರವಾರ ಬಂತು. ಯೇಸುವನ್ನು ಶಿಲುಬೆಗೇರಿಸಿದ ದಿನ.

ಆ ದಿನ ನಮ್ಮೂರ ಚರ್ಚಿನವರು ದೊಡ್ಡ ಮರದ ಶಿಲುಬೆಯೊಂದನ್ನು ಹೊತ್ತು ಹಿಂದಿನ ಗುಡ್ಡ ಹತ್ತುತ್ತಾರೆ. ದಾರಿಯಲ್ಲಿ ಹದಿನಾಲ್ಕು ಕಡೆ ನಿಂತು ಮಂಡಿಯೂರಿ ಪ್ರಾರ್ಥಿಸುತ್ತಾರೆ. ನಲವತ್ತು ವರ್ಷದಿಂದ ಆ ಶಿಲುಬೆಯ ಮುಂದಿನ ತುದಿಗೆ ಹೆಗಲು ಕೊಡುತ್ತಿದ್ದದ್ದು ಅಪ್ಪಚ್ಚ. ಜ್ವರವಿದ್ದ ವರ್ಷವೂ ಬಿಟ್ಟಿರಲಿಲ್ಲ. ವಯಸ್ಸಾ​ದ ಮೇಲೆ ಭಾರವನ್ನು ಹಿಂದಿನವರು ಹೊತ್ತರೂ ಮುಂದಿನ ಹೆಗಲು ಅವರದೇ. ಆ ಸಲ ಗುಡ್ಡಕ್ಕೆ ಗಾಲಿಕುರ್ಚಿ ಹತ್ತುವಂತಿರಲಿಲ್ಲ. "ಅಪ್ಪಾ, ನೀವು ಹೋಗಿ, ಅಮ್ಮನ್ನ ನಾವು ನೋಡ್ಕೋತೀವಿ" ಎಂದು ಮಗ ಹೇಳಿದ. ಪಾದ್ರಿಯೂ ಹೇಳಿದರು. ಅಪ್ಪಚ್ಚ ಕೇಳಲಿಲ್ಲ. ಶಿಲುಬೆಯ ತುದಿಯನ್ನು ಒಮ್ಮೆ ಮುಟ್ಟಿ, ಕಣ್ಣಿಗೊತ್ತಿಕೊಂಡು, ಹಿಂದೆ ಸರಿದು ನಿಂತರು. ಜನವೆಲ್ಲ ಹಾಡುತ್ತಾ ಗುಡ್ಡ ಹತ್ತಿತು. ಮಗ, ಸೊಸೆಯನ್ನೂ ಅವರೇ ಬಲವಂತ ಮಾಡಿ ಕಳಿಸಿದರು.

ನಾನು ಪ್ರತಿ ವರ್ಷ ಆ ದಿನ ಗಂಜಿಗೆ ಹೋಗುತ್ತೇನೆ. ಅಂದು ಚರ್ಚಿನ ಅಂಗಳದಲ್ಲಿ ಎಲ್ಲರಿಗೂ ಗಂಜಿ, ಹೆಸರುಕಾಳು. ಸ್ವಲ್ಪ ಬೇಗ ಹೋಗಿದ್ದೆ. ಬಿಸಿಲಿಗೆ ಗಂಟಲು ಒಣಗಿತ್ತು. ಮೇಜಿನ ಮೇಲೆ ಲೋಟಗಳಲ್ಲಿ ಏನೋ ಹಸಿರು ಪಾನಕ ಕಂಡಿತು; ರಾಮನವಮಿಯ ನೆನಪಲ್ಲಿ ಒಂದು ಲೋಟ ಎತ್ತಿ ಗಟಗಟ ಕುಡಿದುಬಿಟ್ಟೆ. ಹಾಗಲಕಾಯಿ ರಸ. ಯೇಸುವಿನ ಬಾಯಾರಿಕೆಗೆ ಕಹಿ ಕೊಟ್ಟರಂತೆ, ಅದರ ನೆನಪಿಗೆ ಒಂದೊಂದು ಗುಟುಕು ಕುಡಿಯಲು ಇಟ್ಟದ್ದು. ನನ್ನ ಮುಖ ನೋಡಿ ಅಮ್ಮಚ್ಚಿ ಕುರ್ಚಿಯಲ್ಲೇ ಅಲುಗಾಡಿ ನಕ್ಕರು. ದುಃಖದ ಶುಕ್ರವಾರ ಅಷ್ಟು ನಗಬಾರದೆಂದು ಅಪ್ಪಚ್ಚ ಗದರಿದರು. ಗದರುತ್ತಾ ತಾವೂ ನಕ್ಕರು.

ಮೇಲಿನ ಹಾಡು ಸಣ್ಣದಾಗುತ್ತಾ ಹೋಯಿತು. ಅಪ್ಪಚ್ಚ ಗುಡ್ಡದ ಕಡೆಯೇ ನೋಡುತ್ತಿದ್ದರು. ಅಮ್ಮಚ್ಚಿ ಕಣ್ಣು ಮುಚ್ಚಿ ಜಪ ಮಾಡುತ್ತಿದ್ದಾಗ ನಾನು ಮೆಲ್ಲಗೆ ಕೇಳಿದೆ, "ನಲವತ್ತು ವರ್ಷ ಹೊತ್ತಿದ್ರಿ ಅಪ್ಪಚ್ಚ. ಬೇಜಾರಾಗ್ತಿಲ್ವಾ?"

"ಆಗುತ್ತೆ" ಎಂದರು. "ಹೋದ ಭಾನುವಾರ ಅಚ್ಚನ್ ಪ್ರಸಂಗದಲ್ಲಿ ನನ್ನ ಬಗ್ಗೆ ಹೇಳಿದ್ರು. ತ್ಯಾಗ ಅಂತೆ. ನಂಗೆ ನಾಚಿಕೆ ಆಯ್ತು." ಪಾದ್ರಿಗೆ ಅವರು ಅಚ್ಚನ್ ಎನ್ನುತ್ತಾರೆ.

"ತ್ಯಾಗ ಅಲ್ದೆ ಇನ್ನೇನು?"

"ಜಯೇ, ನಿಂಗೊಂದು ಹೇಳ್ತೀನಿ, ನಿನ್ನ ಗಂಡನ ಹತ್ರ ಹೇಳಬೇಡ. ನೆರಿಗೆ ಹಿಡಿಯೋ ಮೊದ್ಲು ಕೆಳಗಿನ ಅಂಚು ಸಮ ಮಾಡ್ಬೇಕಲ್ಲ, ನಾನು ಅವಳ ಮುಂದೆ ಮಂಡಿಯೂರಿ ಕೂರ್ತೀನಿ. ಅವಳಿಗೆ ನಿಲ್ಲೋಕೆ ಹಿಡ್ಕೊಳ್ಳೋಕೆ ಏನೂ ಇಲ್ಲ. ನನ್ನ ತಲೆ ಮೇಲೆ ಕೈ ಇಡ್ತಾಳೆ. ಐವತ್ತೆಂಟು ವರ್ಷ ಆಯ್ತು ಕೆಟ್ಟಿ" - ಎಂದರೆ ಮದುವೆಯಾಗಿ - "ಒಂದು ದಿನಾನೂ ಅವಳು ನನ್ನ ತಲೆ ಮುಟ್ಟಿಲ್ಲ. ನಾನು ಬಗ್ಗಿದ್ರೆ ತಾನೇ ಅವಳಿಗೆ ಎಟುಕೋದು. ಮುಗಿದ್ರೂ ಒಂದೊಂದು ಸಲ ಅಂಚು ಸರಿಯಿಲ್ಲ ಅಂತ ಸುಮ್ನೆ ಕೂತಿರ್ತೀನಿ." ಮೂಗು ಒರೆಸಿಕೊಂಡರು. "ಇದ್ರಲ್ಲಿ ನಾನು ಕಳ್ಕೊಂಡಿದ್ದು ಏನು, ಅಚ್ಚನ್ ಹೇಳ್ಲಿ."

ನಾನು ಬಗ್ಗಿ ಅಮ್ಮಚ್ಚಿಯ ಮುಂಡಿನ ಅಂಚು ನೋಡಿದೆ. ಎಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ಅಷ್ಟರಲ್ಲಿ ಅಮ್ಮಚ್ಚಿ ಕಣ್ಣು ತೆರೆದು, ಎಡಗೈಯಿಂದ ಮುಂದಕ್ಕೆ ತೋರಿಸಿದರು. ಹದಿನಾಲ್ಕನ್ನೂ ಈ ಅಂಗಳದಲ್ಲೇ ಮಾಡೋಣ ಎಂದು ಅಪ್ಪಚ್ಚನಿಗೆ ಅರ್ಥವಾಯಿತು. ಅಂಗಳದ ನಲ್ಲಿಯ ಹತ್ತಿರಕ್ಕೆ ಕುರ್ಚಿ ತಳ್ಳಿಕೊಂಡು ಹೋಗಿ, "ಒಂದನೇ ಸ್ಥಳ" ಎಂದು ಜೇಬಿನಿಂದ ಪ್ರಾರ್ಥನೆಯ ಪುಸ್ತಕ ತೆಗೆದರು. ಓದಿ, ಮಂಡಿಯೂರಿ, ಎದ್ದರು. ಎರಡನೆಯದು ಸಂಪಿಗೆ ಮರದ ಬುಡ. ಮೂರನೆಯದು ಸೈಕಲ್ ನಿಲ್ಲಿಸುವ ಜಾಗ. ಹಿಂದೆ ನಡೆಯುವ ಜನಸಮೂಹ ನಾನೊಬ್ಬಳೇ. ನಾಲ್ಕನೆಯದರಲ್ಲಿ ತಿರುಗಿ ನೋಡಿದರೆ ನನ್ನ ಹಿಂದೆ ಮಂಡಿನೋವಿನ ಇಬ್ಬರು ಅಮ್ಮಚ್ಚಿಯರು. ಆರನೆಯದಕ್ಕೆ ಕೋಲೂರಿಕೊಂಡು ವರ್ಕಿ ಬಂದರು. ಗುಡ್ಡ ಹತ್ತಲಾರದೆ ಗೋಡೆಯ ನೆರಳಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದರು. ಗಂಜಿ ಬೇಯಿಸುತ್ತಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ಸೇರಿದರು. ಆ ಗಂಟಲು ಒಂದು ಸಾಲು ಹಾಡಿದರೆ ನಡುಗುವ ದನಿಗಳೆಲ್ಲ ಮುಂದಿನ ಸಾಲು ಹಾಡಿದವು.

ಒಂಬತ್ತನೆಯದರಲ್ಲಿ ವರ್ಕಿಗೆ ಸಂಶಯ ಬಂತು. "ನಿಲ್ಲು ಕುರ್ಯಾಚ್ಚಾ. ಮೇಲೆ ಹೋದೋರ ಹತ್ರ ಕುರಿಶು ಉಂಟು. ನಮ್ಮದು ಎಲ್ಲಿ?"

ಶಿಲುಬೆಗೆ ಅವರು ಕುರಿಶು ಎನ್ನುತ್ತಾರೆ. ಅಪ್ಪಚ್ಚ ಸುತ್ತ ನೋಡಿದರು. ಅದು ಅವರಿಗೆ ಹೊಳೆದಿರಲೇ ಇಲ್ಲ. ಆಗ ಅಮ್ಮಚ್ಚಿ ಎಡಗೈಯನ್ನು ತಮ್ಮ ಎದೆಯ ಮೇಲಿಟ್ಟುಕೊಂಡು, ಒಂದೊಂದೇ ಮಾತು ಎಳೆದು ಹೇಳಿದರು: "ಕುರಿಶು... ನಾನೇ. ನೀ ತಳ್ಳು."

ಒಂದು ಗಳಿಗೆ ಯಾರಿಗೂ ನಗಬೇಕೋ ಬೇಡವೋ ತಿಳಿಯಲಿಲ್ಲ. ಅಪ್ಪಚ್ಚ ಕುರ್ಚಿಯ ಹಿಡಿ ಹಿಡಿದು, "ಆ ಕುರಿಶು ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡಿರ್ತಿತ್ತು" ಎಂದರು. ಆಮೇಲೆ ಅಂಗಳವೆಲ್ಲ ನಕ್ಕಿತು. ಮೇಲಿದ್ದವರಿಗೂ ಆ ನಗು ಕೇಳಿಸಿತಂತೆ. ಪಾದ್ರಿ ಗಾಬರಿಯಾಗಿ ಕೆಳಗೆ ಬಗ್ಗಿ ನೋಡಿದರಂತೆ.

ಈಗ ಅದು ಪದ್ಧತಿಯೇ ಆಗಿಬಿಟ್ಟಿದೆ. ಮೇಲಿನ ದಾರಿ, ಕೆಳಗಿನ ದಾರಿ ಎಂದು ಚರ್ಚಿನ ಬೋರ್ಡಿನಲ್ಲೇ ಬರೆಯುತ್ತಾರೆ. ಕೆಳಗಿನದಕ್ಕೆ ಮಂಡಿನೋವು ಇರಬೇಕೆಂದು ನಿಯಮ. ಈ ವರ್ಷ ನೋಡಿದರೆ ಮೂವತ್ತು ತುಂಬದವರಿಗೂ ಮಂಡಿನೋವು. ನಮ್ಮ ಯಜಮಾನರಿಗೂ ಬಂದಿತ್ತು.

ಆ ಮೊದಲ ವರ್ಷ, ಗುಡ್ಡದವರು ಇಳಿದು ಬರುವ ಮೊದಲೇ ನಮ್ಮದು ಮುಗಿದು, ಮೊದಲ ಹಂಡೆಯ ಗಂಜಿಗೆ ನಾವೇ ಕುಳಿತೆವು. ಹಲಸಿನೆಲೆಯನ್ನು ಮಡಚಿ ಕಡ್ಡಿ ಚುಚ್ಚಿದ ಚಮಚ. ಅಪ್ಪಚ್ಚ ಅಮ್ಮಚ್ಚಿಯ ಮಡಿಲಲ್ಲಿ ಟವೆಲು ಹಾಸಿ, ಬಟ್ಟಲು ಜಾರದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕುಳಿತರು. ಅಮ್ಮಚ್ಚಿ ಎಲೆಚಮಚ ಅದ್ದಿ, ಎತ್ತಿ, ತಮ್ಮ ಬಾಯಿಗೆ ಒಯ್ಯದೆ ಅವರ ಬಾಯಿಯ ಮುಂದೆ ಹಿಡಿದರು.

"ಏಲೀ, ಜನ ನೋಡ್ತಾರೆ."

"ನೋ... ನೋಡ್ಲಿ."

ಅಂಗಳದ ತುಂಬ ಜನ. ಗುಡ್ಡದಿಂದ ಶಿಲುಬೆ ಇಳಿದು ಗೇಟಿನ ಹತ್ತಿರ ಬಂದಿತ್ತು, ಅದರ ಹಿಂದೆ ಊರೇ ಇತ್ತು. ಎಲೆಯಿಂದ ಗಂಜಿ ಹನಿ ಹನಿಯಾಗಿ ಅವರ ಅಂಗಿಯ ಮೇಲೆ ಬೀಳುತ್ತಿತ್ತು. ಅಪ್ಪಚ್ಚ ಒಮ್ಮೆ ಎಲ್ಲರನ್ನೂ ನೋಡಿದರು, ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದರು.

ನುಂಗಿದ ಮೇಲೆ, ಗೇಟಿನಲ್ಲಿದ್ದವರಿಗೂ ಕೇಳಿಸುವ ಹಾಗೆ, "ಉಪ್ಪು ಕಮ್ಮಿ" ಎಂದರು.